ಫಾರಿನ್ನಿನವನ ಮಗಳು

ಪರೀಕ್ಷೆಯ ದಿನ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸಿದರು. ಒಳಗೆ ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು. ಇವಳೊಬ್ಬಳು ಕಿಟಕಿಯ ಆಚೆ ಪೆನ್ಸಿಲ್ ಹಿಡಿದು ನಿಂತಿದ್ದಳು. ಫೀಸು ಕಟ್ಟಿರಲಿಲ್ಲ. ಅಷ್ಟೇ ಕಾರಣ.

ಸುದ್ದಿ ಬಂದಾಗ ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಅದು ನೆಲಮಾಳಿಗೆ. ಕಿಟಕಿ ಇಲ್ಲ. ಮೇಲಿನ ವಾರ್ಡುಗಳಿಂದ ಬಟ್ಟೆ ಗಂಟುಗಂಟಾಗಿ ಕೆಳಗೆ ಬಂದು ಬೀಳುತ್ತಿತ್ತು. ಹೆರಿಗೆಯ ರಕ್ತ, ಕೀವು, ವಾಂತಿ, ಮೂತ್ರ. ಮೊದಲು ಕೈಯಿಂದ ಬಿಡಿಸಬೇಕು. ಸೂಜಿ ಸಿಕ್ಕಿಕೊಂಡಿದೆಯೇ ನೋಡಬೇಕು. ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ತಿಕ್ಕಿ, ಆಮೇಲೆ ಮೆಷಿನ್ನಿಗೆ ತುಂಬಬೇಕು. ಒದ್ದೆ ಚಾದರವೆಂದರೆ ಹೆಣದ ಭಾರ. ಎತ್ತಿ ಎತ್ತಿ ಅವಳ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಬೆರಳ ಸಂದುಗಳು ಬಿರಿದು ಯಾವಾಗಲೂ ಉರಿಯುತ್ತಿದ್ದವು. ಊಟ ಕಲಸುವಾಗ ಉಪ್ಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅವಳು ಒದ್ದೆ ಬಟ್ಟೆಯಲ್ಲೇ ಶಾಲೆಗೆ ಓಡಿದಳು. ಆಫೀಸಿನ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದಳು.

"ಬಡವರ ಮಕ್ಕಳಿಗೆ ಫೀಸ್ ಕಡಿಮೆ ಮಾಡ್ತೀವಿ ಅಂದಿದ್ರಲ್ಲ ಮೇಡಂ."

"ಬಡವರ ಮಕ್ಕಳಿಗೆ ಮಾಡ್ತೀವಮ್ಮ. ನಿನ್ನ ಗಂಡ ಫಾರಿನ್‌ನಲ್ಲಿದ್ದಾನೆ ಅಂತ ನೀನೇ ಬರೆಸಿದ್ದೀಯಲ್ಲ?"

"ಇದ್ದಾನೆ. ಒಂದು ಕಾಸೂ ಕಳಿಸಲ್ಲ."

"ಅದು ನಿಮ್ಮನೆ ಜಗಳ. ಶಾಲೆಗೆ ಯಾಕೆ ತರ್ತೀಯ? ಫಾರಿನ್ನಿನವನ ಮಗಳಿಗೆ ರಿಯಾಯಿತಿ ಕೊಟ್ರೆ ನಾಳೆ ನಮ್ಮನ್ನ ಕೇಳೋರು ಕೇಳಲ್ವಾ?"

ಅವಳು ಮಗಳ ಕೈ ಹಿಡಿದುಕೊಂಡು ಹೊರಗೆ ಬಂದಳು. ಮಗಳನ್ನು ಎಲ್ಲರೂ ಪಟಾಕಿ ಅಂತಲೇ ಕರೆಯುತ್ತಿದ್ದರು. ಬಾಯಿ ತೆರೆದರೆ ಮುಚ್ಚುವವಳಲ್ಲ. ಆ ದಿನ ಮಾತ್ರ ಅರ್ಧ ದಾರಿಯವರೆಗೆ ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಅಮ್ಮಾ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಅಪ್ಪ ಇದ್ದಾನೆ ಅನ್ಲಾ, ಇಲ್ಲ ಅನ್ಲಾ? ಯಾವುದು ಹೇಳಿದ್ರೆ ಒಳಗೆ ಕೂರಿಸ್ತಾರೆ?"

ಅದೇ ಗಂಡ ಕೋರ್ಟಿನಲ್ಲಿ ಬೇರೆಯೇ ಆಗಿದ್ದ. ಜೀವನಾಂಶ ಕೊಡಿಸಿ ಅಂತ ಇವಳು ಹಾಕಿದ ಕೇಸಿನಲ್ಲಿ ಅವನ ಕಡೆಯ ವಕೀಲ ಎದ್ದು ನಿಂತು, "ನನ್ನ ಕಕ್ಷಿದಾರನಿಗೆ ಸದ್ಯ ಕೆಲಸವಿಲ್ಲ ಸ್ವಾಮಿ, ಸ್ನೇಹಿತರ ದಯೆಯಿಂದ ಬದುಕುತ್ತಿದ್ದಾನೆ" ಅಂದಿದ್ದ. ಒಬ್ಬನೇ ಮನುಷ್ಯ. ಶಾಲೆಯಲ್ಲಿ ಸಾಹುಕಾರ, ಕೋರ್ಟಿನಲ್ಲಿ ಭಿಕಾರಿ. ಎರಡು ಕಡೆಯೂ ಪೆಟ್ಟು ಬಿದ್ದದ್ದು ಮಗುವಿನ ಬೆನ್ನಿಗೆ.

ಅವನು ವೆಲ್ಡಿಂಗ್ ಕೆಲಸದವನು. ಮಗಳು ಇನ್ನೂ ತೊದಲುತ್ತಿದ್ದಾಗ ವಿಮಾನ ಹತ್ತಿದ. ವೀಸಾ ಕೊಡಿಸುವ ಏಜೆಂಟನ ಬಾಯಿಗೆ ಸುರಿಯಲು ದುಡ್ಡಿರಲಿಲ್ಲ. ಆಗ ಇವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಮೆಷಿನ್ ಮಾರಿದಳು. ಕಿವಿಯದು, ಕೈಯದು ಮಾರಿದಳು. "ಹೋದ ಕೂಡಲೇ ಹೊಸ ಮೆಷಿನ್ ಕೊಡಿಸ್ತೀನಿ, ಮೋಟರ್ ಇರೋದು" ಅಂದಿದ್ದ. ಮೊದಲ ವರ್ಷ ದುಡ್ಡು ಬಂತು. ಆಮೇಲೆ ಅವನು ಫೋರ್‌ಮನ್ ಆದ. ಆಮೇಲೆ ಫೋನು ಎತ್ತುವುದು ಬಿಟ್ಟ. ಆಮೇಲೆ ಇವಳ ನಂಬರನ್ನೇ ಬ್ಲಾಕ್ ಮಾಡಿದ. ಅದಾಗಿ ಐದು ವರ್ಷ. ಏಣಿ ಹತ್ತಿದವನು ಏಣಿಯನ್ನೇ ಒದ್ದ. ಸೂಜಿ ಹಿಡಿದ ಕೈ ಬ್ಲೀಚಿಂಗ್ ನೀರಿಗೆ ಇಳಿಯಿತು.

ಅವನ ತಾಯಿಗೆ ಮಾತ್ರ ದಿನಾ ಸಂಜೆ ವಿಡಿಯೋ ಕಾಲ್ ಬರುತ್ತಿತ್ತು. ಆಕೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದಳು. ಕೋರ್ಟಿನ ನೋಟಿಸು ಮುಟ್ಟಿಸುವ ಅಮೀನ ಅದೇ ಬಾಗಿಲಿಗೆ ಹೋಗಿ, ವಾಪಸ್ ಬಂದು, 'ವ್ಯಕ್ತಿಯ ಸುಳಿವಿಲ್ಲ, ವಿಳಾಸ ತಿಳಿದಿಲ್ಲ' ಅಂತ ಬರೆದುಕೊಟ್ಟ. ಒಂದು ಸಲವಲ್ಲ, ಪ್ರತಿ ಸಲವೂ.

ಇವಳು ಖುದ್ದಾಗಿ ಅತ್ತೆಯ ಮನೆಗೆ ಹೋದಳು. ಅತ್ತೆ ಒಳಗೆ ಕರೆಯಲಿಲ್ಲ.

"ಅವನು ಎಲ್ಲಿದ್ದಾನೆ ಅಂತ ಒಂದು ಮಾತು ಹೇಳಿ ಅತ್ತೆ. ನನಗೇನೂ ಬೇಡ. ಮಗುಗೆ ಕೊಡ್ಲಿ."

"ಮೊದಲು ಆ ಮಗು ಅವನದೇ ಅಂತ ರುಜುವಾತು ಮಾಡು. ಆಮೇಲೆ ವಿಳಾಸ ಕೇಳು."

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳಿದ್ದವು. ಆ ಹೆಂಗಸರಲ್ಲಿ ಒಬ್ಬಳು ಇದೇ ಮಗುವಿನ ಹೆರಿಗೆಯ ದಿನ ಆಸ್ಪತ್ರೆಗೆ ಬಿಸಿನೀರು ಹೊತ್ತು ತಂದವಳು. ಅವಳೂ ತುಟಿ ಬಿಚ್ಚಲಿಲ್ಲ. ಫಾರಿನ್ನಿನಿಂದ ಬಂದ ಕಂಬಳಿ ಅವಳ ಹಗ್ಗದ ಮೇಲೆ ಒಣಗುತ್ತಿತ್ತು. ಎದುರುಮನೆಗೆ ಟಾರ್ಚು. ಮೂಲೆ ಅಂಗಡಿಯವನಿಗೆ ಗಡಿಯಾರ. ಇಡೀ ಬೀದಿ ಅವನ ಉಪ್ಪು ತಿಂದಿತ್ತು. ಉಪವಾಸ ಇದ್ದದ್ದು ಅವನ ಮಗಳೊಬ್ಬಳೇ.

ಸರ್ಕಾರದ ಖರ್ಚಿನಲ್ಲಿ ಇವಳ ಕೇಸು ನಡೆಸುತ್ತಿದ್ದ ವಕೀಲಮ್ಮ ಚಿಕ್ಕ ವಯಸ್ಸಿನವಳು. ಹಟ ಬಿಡದವಳು. ಕೊನೆಗೆ ನೋಟಿಸನ್ನು ಅತ್ತೆಯ ಬಾಗಿಲಿಗೇ ಅಂಟಿಸುವಂತೆ ಜಡ್ಜ್ ಸಾಹೇಬರಿಂದ ಹೇಳಿಸಿದಳು. ಅಂಟಿಸಿದ ಮೇಲೆಯೇ ಅವನ ಕಡೆಯ ವಕೀಲ ಬಂದು ನಿಂತದ್ದು. ಮಗುವಿಗೆ ತಿಂಗಳು ತಿಂಗಳು ಇಷ್ಟು ಕೊಡಬೇಕು ಅಂತ ಆದೇಶವೂ ಬಂತು. ದುಡ್ಡು ಬರಲಿಲ್ಲ. ಹೀಗೇ ಕೇಸಿಗೆ ಎರಡು ವರ್ಷ ತುಂಬಿತು. ಕೋರ್ಟಿಗೆ ಹೋದ ದಿನಗಳ ಕೂಲಿಯನ್ನು ಲಾಂಡ್ರಿಯ ಮೇಸ್ತ್ರಿ ಮುರಿದುಕೊಂಡ. "ಗಂಡನ ದುಡ್ಡಿಗೆ ಹೋಗ್ತೀಯ, ನನ್ನ ದುಡ್ಡು ಯಾಕೆ ಬೇಕು?" ಅಂತ ನಕ್ಕ.

ಪರೀಕ್ಷೆಗೆ ಹೊರಗೆ ನಿಂತ ಮೇಲೆ ಪಟಾಕಿ ಒಂದು ವಾರ ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತು ಅವಳ ಮಾಮ ನೋಡಿಕೊಳ್ಳುತ್ತಿದ್ದ. ಮಾಮ ಅಂದರೆ ತಾಯಿಯ ಸ್ವಂತ ಅಣ್ಣ. ಗೋಡೆಗೆ ಬಣ್ಣ ಬಳಿಯುವವನು. ಅವನ ಕೋಣೆಯ ಪಕ್ಕದ ಕೋಣೆಯೇ ಇವರದು. ಕಷ್ಟಕ್ಕೆ ಆಗುವವನು. ಕೇಸು ಹಾಕಿದ ದಿನ ಜೊತೆಗೆ ಬಂದವನೂ ಅವನೇ.

ಒಂದು ಸಂಜೆ ಮಗಳು ತಲೆ ಬಾಚಿಸಿಕೊಳ್ಳುತ್ತಾ ವಟಗುಟ್ಟಿದಳು.

"ಮಾಮ ಹಳದಿ ಬಣ್ಣ ಹೊಡೀತಿದ್ದಾನೆ. ದೊಡ್ಡ ಮಹಡಿ. ಮೇಲಿಂದ ಎಲ್ಲಾ ಕಾಣುತ್ತೆ. ಅಪ್ಪನ ದುಡ್ಡಲ್ಲಿ ಹೊಸದಾಗಿ ಕಟ್ಟಿದ್ದಂತೆ. ಅಲ್ಲಿ ಅಜ್ಜಿ ಇದಾಳೆ. ನನ್ನ ಒಳಗೆ ಬರಬೇಡ ಅಂದ್ಳು. ಭಾನುವಾರ ಊಟ ಇದೆಯಂತೆ. ಅಪ್ಪ ಬರ್ತಾನಂತೆ. ನಿಂಗೆ ಹೇಳ್ಬಾರ್ದು ಅಂತ ಮಾಮ ಹೇಳಿದಾನೆ."

ಬಾಚಣಿಗೆ ಕೂದಲಲ್ಲೇ ನಿಂತಿತು.

ಅವಳು ಅಣ್ಣನ ಬಾಗಿಲು ತಟ್ಟಿದಳು. ಅವನ ಉಗುರಿನಲ್ಲಿ ಹಳದಿ ಬಣ್ಣ ಇತ್ತು.

"ಎಷ್ಟು ಕೊಟ್ಟರು ಬಣ್ಣ ಹೊಡಿಯೋಕೆ?"

ಅಣ್ಣ ಮುಖ ತಿರುಗಿಸಿದ. "ದುಡ್ಡಿಗೆ ಅಲ್ಲ."

"ಮತ್ತೆ?"

"ನಿನ್ನ ಗಂಡನ ಕಂಪನಿಯಲ್ಲಿ ಪೇಂಟರ್ ಕೆಲಸ ಖಾಲಿ ಇದೆಯಂತೆ. ವೀಸಾ ಕಳಿಸ್ತೀನಿ ಅಂದಿದ್ದಾನೆ. ನನಗೂ ವಯಸ್ಸಾಗ್ತಾ ಬಂತು ಕಣೇ. ಏಣಿ ಹತ್ತಿದ್ರೆ ಮಂಡಿ ನಡುಗುತ್ತೆ. ಎಷ್ಟು ದಿನ ಅಂತ ಬೇರೆಯವರ ಗೋಡೆ ಬಳೀಲಿ?"

"ಅವನು ಫೋನ್ ಮಾಡ್ತಾ ಇದ್ದದ್ದು ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಎಲ್ಲಿದ್ದಾನೆ ಅನ್ನೋದೂ ಗೊತ್ತಿತ್ತು."

ಅಣ್ಣ ಉಗುರಿನ ಬಣ್ಣ ಕೆರೆಯತೊಡಗಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅಳುವುದಕ್ಕೆ ಸಿಟ್ಟು ಜಾಗ ಬಿಟ್ಟಿರಲಿಲ್ಲ. ಎರಡು ವರ್ಷ ಅವಳು ಸುಡುಬಿಸಿಲಲ್ಲಿ ಯಾವ ವಿಳಾಸಕ್ಕಾಗಿ ಕೋರ್ಟಿನ ಮೆಟ್ಟಿಲು ಸವೆಸಿದಳೋ ಅದು ತೆಳುವಾದ ಒಂದು ಗೋಡೆಯ ಆಚೆ, ಒಡಹುಟ್ಟಿದವನ ಜೇಬಿನ ಫೋನಿನಲ್ಲಿತ್ತು.

ಮರುದಿನ ವಕೀಲಮ್ಮನಿಗೆ ವಿಷಯ ಹೇಳಿದಳು. ವಕೀಲಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಸಂಜೆಯೊಳಗೆ ಆದೇಶ ತಂದಳು. ಬಾಕಿ ಕಟ್ಟುವವರೆಗೆ ಅವನ ಪಾಸ್‌ಪೋರ್ಟ್ ಕೋರ್ಟಿನಲ್ಲಿರಬೇಕು. ಅಮೀನ ಹೋಗಿ ತರಬೇಕು, ಜೊತೆಗೆ ಒಬ್ಬ ಪೊಲೀಸಿನವನು.

ಅಮೀನ ಕಾಗದ ನೋಡಿ ಮುಖ ಕಿವುಚಿದ.

"ಭಾನುವಾರ ಬೇಡಮ್ಮ. ನಾಲ್ಕು ಜನ ಊಟಕ್ಕೆ ಬಂದಿರ್ತಾರೆ. ಸೋಮವಾರ ನೋಡೋಣ."

ಅವನ ಅಂಗಿಯಿಂದ ಘಮ್ಮನೆ ಸೆಂಟಿನ ವಾಸನೆ ಬಂತು. ಅತ್ತೆಯ ಮನೆಯ ಬಾಗಿಲಲ್ಲಿ ಹೊಡೆಯುವ ಅದೇ ವಾಸನೆ. ಅವಳು ದಿನವಿಡೀ ಕೀವಿನ ವಾಸನೆಯಲ್ಲಿ ಬದುಕುವವಳು. ಒಳ್ಳೆಯ ವಾಸನೆ ಬಂದರೆ ತಪ್ಪಿಸಿಕೊಳ್ಳುವುದಿಲ್ಲ.

"ಸೆಂಟು ಚೆನ್ನಾಗಿದೆ ಸಾರ್. ಫಾರಿನ್‌ದಾ?"

ಅಮೀನನ ಮುಖ ಕಪ್ಪಿಟ್ಟಿತು. "ಏನ್ ಮಾತಾಡ್ತೀಯ ನೀನು?"

"ಏನಿಲ್ಲ. ಭಾನುವಾರ ನೀವು ಬಂದ್ರೆ ಆ ಮಾತು ನನ್ನ ಬಾಯಲ್ಲೇ ಇರುತ್ತೆ. ಬರದಿದ್ರೆ ಸೋಮವಾರ ಸಾಹೇಬರ ಮುಂದೆ ಬಾಟಲಿ ಎಲ್ಲಿಂದ ಬಂತು ಅಂತ ನೀವೇ ಹೇಳ್ಬೇಕಾಗುತ್ತೆ."

ಭಾನುವಾರ ಅಮೀನ ಬಂದ.

ಮಹಡಿಯ ಮೇಲೆ ಉದ್ದಕ್ಕೆ ಮೇಜು ಹಾಕಿದ್ದರು. ಜನ ತಟ್ಟೆಗೆ ಕೈ ಇಟ್ಟಿದ್ದರು. ಹೊಸ ಬಣ್ಣದ ವಾಸನೆ, ಊಟದ ವಾಸನೆ, ಸೆಂಟಿನ ವಾಸನೆ ಎಲ್ಲ ಒಂದಾಗಿತ್ತು. ಅಣ್ಣ ಜಗ್ಗು ಹಿಡಿದು ಎಲ್ಲರ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ. ತಂಗಿಯನ್ನು ಕಂಡು ಲೋಟ ತುಂಬಿ ಹರಿದರೂ ಬಗ್ಗಿಸುತ್ತಲೇ ಇದ್ದ.

ಅವಳು ಲಾಂಡ್ರಿಯಿಂದ ನೇರವಾಗಿ ಬಂದಿದ್ದಳು. ಬಟ್ಟೆ ಬದಲಿಸಿರಲಿಲ್ಲ. ಬೇಕೆಂದೇ ಬದಲಿಸಿರಲಿಲ್ಲ.

ಗಂಡ ಮೇಜಿನ ತುದಿಯಲ್ಲಿ ಕುಳಿತಿದ್ದ. ದಪ್ಪಗಾಗಿದ್ದ. ಮೊದಲು ಅವನ ಕೈ ತುಂಬ ವೆಲ್ಡಿಂಗ್ ಕಿಡಿಯ ಸುಟ್ಟ ಕಲೆಗಳಿದ್ದವು. ಆ ಕಲೆಗಳಿಗೆ ಇವಳೇ ಮುಲಾಮು ಹಚ್ಚಿದ್ದಳು. ಈಗ ಕೈ ನುಣ್ಣಗಿತ್ತು.

"ಇವರೇ ಸಾರ್," ಅಂದಳು ಅಮೀನನಿಗೆ. "ಸುಳಿವಿಲ್ಲ ಅಂತ ಬರೀತಿದ್ರಲ್ಲ, ಇವರೇ."

ಅತ್ತೆ ಓಡಿ ಬಂದಳು. "ಊಟ ಮಾಡೋರ ಮುಂದೆ ಇದೇನೇ ನಾಚಿಕೆಗೇಡು!"

"ನಾಚಿಕೆ ಇರೋರ ಮನೆಗೆ ನಾನು ಬಂದಿಲ್ಲ ಅತ್ತೆ."

ಯಾರೋ ಹಿರಿಯರು, "ಏನಿದ್ರೂ ನಾಳೆ ಕೂತು ಮಾತಾಡಬಹುದಲ್ಲಮ್ಮ, ಊಟದ ಹೊತ್ತು" ಅಂದರು.

ಅವಳು ಅವರ ಕಡೆ ತಿರುಗಿದಳು. "ನನ್ನ ಮಗಳನ್ನ ಪರೀಕ್ಷೆಗೆ ಹೊರಗೆ ನಿಲ್ಲಿಸಿದ್ರು. ಅದು ಯಾವ ಹೊತ್ತು ಸ್ವಾಮಿ? ನೀವು ಕೂತಿದ್ದೀರಲ್ಲ, ಈ ಮಹಡಿಯ ಒಂದೊಂದು ಇಟ್ಟಿಗೆಯೂ ನನ್ನ ಮಗಳ ತುತ್ತು. ಉಣ್ಣಿ. ಚೆನ್ನಾಗಿ ಉಣ್ಣಿ."

ಯಾರೂ ಉಣ್ಣಲಿಲ್ಲ. ಕೈ ತಟ್ಟೆಯಲ್ಲೇ ಒಣಗಿತು. ಪೊಲೀಸಿನವನು ಕೆಮ್ಮಿದ. ಗಂಡ ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ಅಮೀನನ ಕೈಗೆ ಎಸೆದಂತೆ ಕೊಟ್ಟ. ಹೆಂಡತಿಯ ಮುಖ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ಓಲೈಕೆ. ಅವನ ರಜೆ ಮುಗಿಯುತ್ತಾ ಬಂದಿತ್ತು. ಹೇಳಿದ ದಿನಕ್ಕೆ ಹೋಗದಿದ್ದರೆ ಕೆಲಸ ಹೋಗುತ್ತದೆ. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದ್ದ ಅತ್ತೆ ಲಾಂಡ್ರಿಯ ನೆಲಮಾಳಿಗೆಗೇ ಇಳಿದು ಬಂದಳು. ರಕ್ತದ ಚಾದರಗಳ ನಡುವೆ ಮೂಗು ಮುಚ್ಚಿಕೊಳ್ಳಲೂ ಆಗದೆ ನಿಂತು, "ಮಗಳೇ" ಅಂದಳು. ಆ ಶಬ್ದ ಆಕೆಯ ಬಾಯಿಂದ ಮದುವೆಯಾದ ದಿನದಿಂದ ಬಂದಿರಲಿಲ್ಲ.

ಪಕ್ಕದ ತೊಟ್ಟಿಯಲ್ಲಿ ತಿಕ್ಕುತ್ತಿದ್ದ ಮುದುಕಿಗೆ ಅಲ್ಲಿ ಸೋಪಜ್ಜಿ ಅಂತ ಹೆಸರು. ಅವಳು ತಲೆ ಎತ್ತದೆಯೇ ಹೇಳಿದಳು: "ಕಾಲು ಹಿಡಿಯೋಕೆ ಬಂದಿದ್ರೆ ನೋಡಿ ಹಿಡೀರಮ್ಮ, ನೆಲ ಜಾರುತ್ತೆ."

ಒಂದು ಸಂಜೆ ಗಂಡನೇ ಬಂದ. ಅಣ್ಣ ಅವನನ್ನು ಕರೆದುಕೊಂಡು ಬಂದಿದ್ದ. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅಣ್ಣ ಅದನ್ನು ಒರೆಸಿ ಅವನಿಗೆ ಕೊಟ್ಟ.

"ಆಗಿದ್ದು ಆಗ್ಹೋಯ್ತು," ಅಂದ ಗಂಡ. "ಕೋರ್ಟಿನಲ್ಲಿ ಪಾಸ್‌ಪೋರ್ಟ್ ಕೊಡೋಕೆ ಒಪ್ಪಿಗೆ ಅಂತ ಒಂದು ಮಾತು ಹೇಳಿಬಿಡು. ಹೋದ ತಕ್ಷಣ ಎಲ್ಲಾ ಕಳಿಸ್ತೀನಿ. ನಂಬಿಕೆ ಇಲ್ವಾ ನನ್ನ ಮೇಲೆ?"

ಅವನು ಚೀಲದಿಂದ ಒಂದು ಪೊಟ್ಟಣ ತೆಗೆದ. ಬಣ್ಣದ ಕಾಗದ ಸುತ್ತಿತ್ತು. "ಬಾ ಮಗಳೇ, ಅಪ್ಪ ನಿನಗೆ ಏನು ತಂದಿದ್ದೀನಿ ನೋಡು."

ಪಟಾಕಿ ಮೆಲ್ಲಗೆ ಬಂದು ಪೊಟ್ಟಣ ಬಿಚ್ಚಿದಳು. ಗುಲಾಬಿ ಬಣ್ಣದ ಫ್ರಾಕು. ಎತ್ತಿ ಮೈಗೆ ಹಿಡಿದಳು. ಅದು ಅವಳ ಸೊಂಟಕ್ಕೂ ಬರಲಿಲ್ಲ. ತೋಳು ಹಾಕಲು ನೋಡಿದಳು. ಕೈ ಮೊಣಕೈಯವರೆಗೂ ಹೋಗಲಿಲ್ಲ. ಅವನು ವಿಮಾನ ಹತ್ತಿದ ದಿನ ಇದ್ದ ಮಗುವಿನ ಅಳತೆ ಅದು.

"ಇದು ಯಾರಿಗೆ?" ಅಂತ ಕೇಳಿದಳು ಮಗು. ಕೊಂಕಿಲ್ಲದ ಪ್ರಶ್ನೆ. ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ.

ಮಗು ಫ್ರಾಕನ್ನು ನೀಟಾಗಿ ಮಡಚಿ, ಅವನ ತೊಡೆಯ ಮೇಲೆ ಇಟ್ಟು, ಒಲೆಯ ಮೂಲೆಗೆ ಹೋಗಿಬಿಟ್ಟಳು. ತಾಯಿ ಬಾಗಿಲು ಪೂರ್ತಿ ತೆರೆದಳು. ಅವನು ಎದ್ದು ಹೋದ.

ಅಣ್ಣ ಉಳಿದ. ಗೋಡೆಗೆ ಒರಗಿ ಕುಸಿದು ಕುಳಿತ. "ಒಪ್ಪಿಕೊಳ್ಳೇ. ನನ್ನ ಮುಖ ನೋಡಿಯಾದ್ರೂ. ಅವನ ಕೆಲಸ ಹೋದ್ರೆ ನನ್ನ ವೀಸಾನೂ ಹೋಯ್ತು. ನಿನಗೂ ಏನೂ ಸಿಗಲ್ಲ."

"ಈಗ ಏನು ಸಿಗ್ತಿದೆ ನನಗೆ?"

"ಬಡವನ ಕೋಪ ದವಡೆಗೆ ಮೂಲ ಕಣೇ."

"ನನ್ನ ದವಡೆ ಆಗಲೇ ಮುರಿದಿದೆ ಅಣ್ಣ. ಇನ್ನು ಮುರಿಯೋಕೆ ಏನೂ ಉಳಿದಿಲ್ಲ."

ಅಣ್ಣ ಅತ್ತ. ನಡುಗುವ ಮಂಡಿ ಸುಳ್ಳಲ್ಲ. ಬಣ್ಣದ ಡಬ್ಬಿ ಹೊತ್ತು ಏಣಿ ಹತ್ತುವ ಅವನನ್ನು ಅವಳು ನೋಡಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನ ಬದುಕನ್ನೂ ಗಂಡ ಅದೇ ಪಾಸ್‌ಪೋರ್ಟಿಗೆ ಕಟ್ಟಿಹಾಕಿದ್ದ. ಒಬ್ಬರ ಕತ್ತಿಗೆ ಇನ್ನೊಬ್ಬರ ಕೈಯಿಂದಲೇ ಹಗ್ಗ ಬಿಗಿಸುವ ಜಾಣತನ. ಅಣ್ಣನ ಮೇಲಿನ ಸಿಟ್ಟೂ ಸೇರಿ ಗಂಡನ ಮೇಲೆಯೇ ತಿರುಗಿತು.

ಕೋರ್ಟಿನ ದಿನ ಜಡ್ಜ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ನೋಡಮ್ಮ, ಅವರು ಹೋಗಿ ದುಡಿದರೆ ತಾನೇ ನಿನ್ನ ಮಗುವಿಗೆ ಕೊಡೋಕೆ ಆಗೋದು? ಮಾತು ಕೊಡ್ತಿದ್ದಾರೆ. ಪಾಸ್‌ಪೋರ್ಟ್ ಬಿಟ್ಟುಕೊಡೋಕೆ ನಿನ್ನ ಒಪ್ಪಿಗೆ ಇದೆಯಾ?"

ಹಿಂದಿನ ಬೆಂಚಿನಲ್ಲಿ ಅಣ್ಣ ಕೆಮ್ಮಿದ. ಅತ್ತೆ ಕೈ ಮುಗಿದು ಕುಳಿತಿದ್ದಳು. ಗಂಡ ನೆಲ ನೋಡುತ್ತಿದ್ದ. ಅವನ ವಕೀಲ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

"ಇಲ್ಲ," ಅಂದಳು.

"ಯೋಚನೆ ಮಾಡಿ ಹೇಳು."

"ಐದು ವರ್ಷ ಯೋಚನೆ ಮಾಡಿದ್ದೀನಿ ಸ್ವಾಮಿ. ಮಾತನ್ನ ನಾನು ಒಂದು ಸಲ ತಿಂದು ನೋಡಿದ್ದೀನಿ. ಹೊಟ್ಟೆ ತುಂಬಲ್ಲ. ಬಾಕಿ ಇಟ್ಟು ಹೋಗ್ಲಿ. ಮುಂದಿನದಕ್ಕೆ ಆ ಮಹಡಿ ಬಾಡಿಗೆಗೆ ಕೊಟ್ಟು, ಆ ದುಡ್ಡು ತಿಂಗಳು ತಿಂಗಳು ಮಗಳ ಹೆಸರಿಗೆ ಬರ್ಲಿ. ಆಗದಿದ್ರೆ ಇಲ್ಲೇ ಇರ್ಲಿ. ನಮ್ಮ ಲಾಂಡ್ರಿಯಲ್ಲಿ ಒಂದು ಕೆಲಸ ಖಾಲಿ ಇದೆ. ಚಾದರ ಎತ್ತೋಕೆ ಗಂಡಸರು ಸಿಗ್ತಿಲ್ಲ."

ಯಾರೋ ಫಕ್ಕನೆ ನಕ್ಕರು. ಗಂಡನ ವಕೀಲ "ಇದು ಹಟ ಸ್ವಾಮಿ, ಬರೀ ಹಟ" ಅಂತ ಎದ್ದ.

"ಹೌದು, ಹಟವೇ," ಅಂದಳು ಅವಳು.

ಜಡ್ಜ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕಡತ ತೆರೆದರು. ಆಮೇಲೆ ಅವಳು ಕೇಳಿದ್ದನ್ನೇ ಬರೆಸಿದರು. ಬಾಕಿ ಕಟ್ಟಿದ ಮೇಲೆಯೇ ಪಾಸ್‌ಪೋರ್ಟ್.

ಐದು ವರ್ಷ ಇಲ್ಲದ ದುಡ್ಡು ಎರಡೇ ದಿನದಲ್ಲಿ ಬಂತು. ಕೆಲಸವಿಲ್ಲದವನ, ಸ್ನೇಹಿತರ ದಯೆಯಲ್ಲಿ ಬದುಕುವವನ ದುಡ್ಡು. ಅದನ್ನು ಕಂಡಾಗಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು. ಇತ್ತು. ಇಷ್ಟು ದಿನವೂ ಇತ್ತು. ಮಗು ಕಿಟಕಿಯ ಹೊರಗೆ ನಿಂತ ದಿನವೂ ಇತ್ತು.

ಕೋರ್ಟಿನ ಹೊರಗೆ ಕಾರು ನಿಂತಿತ್ತು. ಅಲ್ಲಿಂದ ನೇರ ವಿಮಾನಕ್ಕೆ. ಅತ್ತೆ ಸುತ್ತ ನಿಂತವರಿಗೆ, "ಹೆತ್ತ ಕರುಳು ನೋಡಿ, ಕೇಳಿದ ಕೂಡಲೇ ಕೊಟ್ಟುಬಿಟ್ಟ" ಅನ್ನುತ್ತಿದ್ದಳು. ಜನ ತಲೆಯಾಡಿಸುತ್ತಿದ್ದರು. "ಎಷ್ಟಾದ್ರೂ ತಂದೆ ಅಲ್ವಾ" ಅಂದ ಅಮೀನ.

ಅಣ್ಣ ಅವನ ದೊಡ್ಡ ಸೂಟ್‌ಕೇಸನ್ನು ಎತ್ತಿ ಡಿಕ್ಕಿಗೆ ಇಡುತ್ತಿದ್ದ. ಮಂಡಿ ನಡುಗುತ್ತಿತ್ತು. ಇಟ್ಟು, ಬೆವರು ಒರೆಸಿಕೊಂಡು, ತಂಗಿಯ ಹತ್ತಿರ ಬಂದ.

"ಕೊನೆಗೂ ಕೊಟ್ಟನಲ್ಲ. ದೂರ ಹೋಗ್ತಿದ್ದಾನೆ. ಎಲ್ಲರೂ ನೋಡ್ತಿದ್ದಾರೆ. ಒಂದು ಒಳ್ಳೆ ಮಾತು ಹೇಳಿ ಕಳಿಸೇ."

ಗಂಡ ಕಾರಿನ ಬಾಗಿಲು ಹಿಡಿದು ಕಾಯುತ್ತಿದ್ದ. ಮುಖದಲ್ಲಿ ದೊಡ್ಡ ಮನಸ್ಸು ಮಾಡಿದವನ ಕಳೆ. ಕೃತಜ್ಞತೆ ಬರುತ್ತದೆ ಅಂತ ಅವನಿಗೆ ಖಾತ್ರಿ ಇತ್ತು.

ಅವಳು ಜನರನ್ನು ದಾಟಿ ಅವನ ಎದುರು ಹೋಗಿ ನಿಂತಳು.

"ತಿಂಗಳ ಒಂದನೇ ತಾರೀಖು," ಅಂದಳು. "ತಡ ಮಾಡಬೇಡ."

ತಿರುಗಿ ಬಂದು ಮಗಳ ಕೈ ಹಿಡಿದಳು. ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ಇಬ್ಬರೂ ಬಸ್ಸಿನ ಕಡೆ ಬಿರಬಿರನೆ ನಡೆದರು.

"ಅಮ್ಮಾ, ಅವನಿಗೆ ಬೈದ್ಯಾ?"

"ಇಲ್ಲ. ತಾರೀಖು ಹೇಳಿದೆ."